ಶಿವಯೋಗಿಯ ಹೆಂಡತಿ ಬಂದಳು

ಅನ್ನಪೂರ್ಣೇಶ್ವರಿ ನಗರದಲ್ಲಿ ಬಾಡಿಗೆ ಮನೆ ಬೇಕೆಂದರೆ ಮೊದಲು ಹೆಂಡತಿ ಬೇಕು. ಅಡ್ವಾನ್ಸಿನ ಮಾತು ಆಮೇಲೆ. ಹೆಂಡತಿ ಇದ್ದರೆ ಕಳ್ಳನಿಗೂ ಮನೆ ಸಿಗುತ್ತದೆ, ಕುಡುಕನಿಗೂ ಸಿಗುತ್ತದೆ. ಹೆಂಡತಿಯನ್ನು ದಿನಾ ಬಡಿಯುವವನಿಗಂತೂ ಗಾಳಿ ಬೆಳಕು ಚೆನ್ನಾಗಿರುವ, ಕಾವೇರಿ ನೀರಿನ ಮನೆಯೇ ಸಿಗುತ್ತದೆ. ಬಡಿಯುವುದಕ್ಕಾದರೂ ಒಬ್ಬಳು ಇದ್ದಾಳಲ್ಲ, ಸಂಸಾರಸ್ಥ ಎಂದು ಬೀದಿ ಒಪ್ಪಿಕೊಳ್ಳುತ್ತದೆ. ಒಂಟಿ ಗಂಡಸು ಬಂದು ನಿಂತರೆ ಮಾತ್ರ ಬೋರ್ಡಿನ ಮೇಲಿನ ‘ಟು ಲೆಟ್’ ಅಕ್ಷರಗಳೇ ಮುಖ ತಿರುಗಿಸಿಕೊಳ್ಳುತ್ತವೆ.

ಶಿವಯೋಗಿಗೆ ಈ ಕಾನೂನು ತಿಳಿಯುವ ಹೊತ್ತಿಗೆ ಹೆಗ್ಗನಹಳ್ಳಿಯಿಂದ ನಾಯಂಡಹಳ್ಳಿಯವರೆಗೆ ಸಿಕ್ಕಸಿಕ್ಕ ಗೇಟಿನ ಮುಂದೆಲ್ಲ ಮಂಗಳಾರತಿ ಮಾಡಿಸಿಕೊಂಡಾಗಿತ್ತು. ಕುಷ್ಟಗಿ ಕಡೆಯವನು. ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಎಷ್ಟು ಮನೆಯ ಬಾಗಿಲು ತಟ್ಟಿದರೂ ತನ್ನದೊಂದು ಬಾಗಿಲಿಲ್ಲ. ಕೊನೆಗೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗಳೂ ಎರಡಂತಸ್ತಿನ ಮನೆಯ ಮಾಲೀಕರೂ ಆದ ಸೇತುರಾಮ ಅವರ ಮುಂದೆ ನಿಂತಾಗ ಅವನ ನಾಲಿಗೆ ತಾನಾಗಿಯೇ ಒಂದು ಸಂಸಾರ ಹೂಡಿಬಿಟ್ಟಿತು.

“ಮದುವೆ ಆಗಿದೆಯೇನಪ್ಪಾ?”

“ಆಗೇತ್ರಿ ಸಾರ್.”

“ಹೆಂಡ್ತಿ ಎಲ್ಲಿ?”

“ಊರಾಗ ಅದಾಳ್ರಿ. ಹಬ್ಬಕ್ಕ ಬರ್ತಾಳ್ರಿ.”

ಯಾವ ಹಬ್ಬ ಎಂದು ಸೇತುರಾಮ ಕೇಳಲಿಲ್ಲ, ಇವನೂ ಹೇಳಲಿಲ್ಲ. ಮೇಲಿನ ಮಹಡಿಯ ಒಂಟಿ ಕೋಣೆಯ ಮನೆ ಸಿಕ್ಕಿತು. ಹಬ್ಬಗಳು ಒಂದರ ಹಿಂದೆ ಒಂದು ಬಂದವು, ಹೋದವು. ಹೆಂಡತಿ ಬರಲಿಲ್ಲ. ಮಾಲೀಕರ ಹೆಂಡತಿ ವತ್ಸಲಾ, ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಅಕ್ಕವ್ವ, ಇಬ್ಬರೂ ಕಾಂಪೌಂಡಿಗೆ ಮೊಣಕೈ ಊರಿ ಆ ಕಾಣದ ಹೆಣ್ಣಿಗಾಗಿ ಮರುಗುತ್ತಿದ್ದರು. “ಪಾಪ, ಬಸುರಿಯಿರಬೇಕು ಕಣ್ರೀ” ಎಂದು ವತ್ಸಲಾ. “ಅತ್ತಿ ಕಳಸಿರಾಕಿಲ್ರೀ” ಎಂದು ಅಕ್ಕವ್ವ. ಇಬ್ಬರ ನಡುವೆ ಶಿವಯೋಗಿಯ ಹೆಂಡತಿ ಎಷ್ಟೋ ಸಲ ಬಸುರಿಯಾದಳು, ಎಷ್ಟೋ ಸಲ ಅತ್ತೆಯ ಕಾಟ ತಿಂದಳು.

ಸೇತುರಾಮ ಕೇಳದೇ ಬಿಟ್ಟ ಪ್ರಶ್ನೆ ಇನ್ನೊಂದಿತ್ತು. ಶಿವಯೋಗಿ ಹುಟ್ಟಿದಾಗ ಸೂಲಗಿತ್ತಿ ನೋಡಿ ಹೆಣ್ಣು ಎಂದಿದ್ದಳು. ಮಾತು ಬಂದ ದಿನದಿಂದ ಶಿವಯೋಗಿ ಅದನ್ನು ಒಪ್ಪಿರಲಿಲ್ಲ. ಆ ಜಗಳದಲ್ಲಿ ಊರು ಬಿಟ್ಟ, ಚಿಕಿತ್ಸೆ ಮಾಡಿಸಿಕೊಂಡ, ಹೆಸರು ಬದಲಿಸಿಕೊಂಡ. ಈಗ ತುಟಿಯ ಮೇಲೆ ಎಣ್ಣೆ ಹಚ್ಚಿ ತೀಡಿದ ಮೀಸೆ. ಅದರ ಮೇಲೆ ಅವನಿಗೆ ಸ್ವಲ್ಪ ಜಂಬವೂ ಉಂಟು. ಟ್ರಾನ್ಸ್ ಗಂಡಸು ಎಂಬ ಮಾತನ್ನು ಬೆಂಗಳೂರಿನಲ್ಲಿ ಅವನು ಹೇಳಿಕೊಂಡದ್ದು ಒಬ್ಬಳೇ ಒಬ್ಬಳಿಗೆ, ನಾಯಂಡಹಳ್ಳಿಯ ರಾಗಿಣಿಗೆ. ರಾಗಿಣಿ ಟ್ರಾನ್ಸ್ ಹೆಂಗಸು. ಒಂದು ಕಾಲಕ್ಕೆ ಸಿಗ್ನಲಿನಲ್ಲಿ ಕೈ ಚಾಚಿದವಳು, ಈಗ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ಬಾಯಿ ಬಿಟ್ಟರೆ ಕಾರ್ಪೊರೇಟರ್ ಕೂಡ ಎದ್ದು ನಿಲ್ಲಬೇಕು.

ಆ ರಾಗಿಣಿಯೇ ಹೇಳಿದ್ದು: “ಲೇ ಯೋಗಿ, ಭಾನುವಾರ ಬಸವೇಶ್ವರನಗರದ ಮೈದಾನದಲ್ಲಿ ನಮ್ಮ ಪ್ರೈಡ್ ಹಬ್ಬ ಕಣೋ. ಈ ಕಡೆ ಬಡಾವಣೆಗಳಲ್ಲಿ ಮೊದಲನೇ ಸಲ. ವೇದಿಕೆ ಮೇಲೆ ಯಾರು ಬೇಕಾದ್ರೂ ಮೈಕ್ ಹಿಡಿದು ತಾನು ಯಾರು ಅಂತ ಹೇಳ್ಕೋಬಹುದು. ಒಂದ್ಸಲ ಬಾಯಿ ಬಿಟ್ಟು ಹೇಳು. ಹೊಟ್ಟೆ ಹಗುರಾಗುತ್ತೆ.”

“ಯಾರರ ನೋಡಿದ್ರ?”

“ನೋಡ್ಲಿ ಅಂತಾನೇ ಅಲ್ವೇನೋ ಹಬ್ಬ ಮಾಡೋದು, ಪೆದ್ದ!”

ಶಿವಯೋಗಿ ವಾರಪೂರ್ತಿ ಕನ್ನಡಿಯ ಮುಂದೆ ತಾಲೀಮು ನಡೆಸಿದ. “ನಾನು ಶಿವಯೋಗಿ. ನಾನು ಟ್ರಾನ್ಸ್ ಗಂಡಸು.” ಇಷ್ಟೇ ಮಾತು. ಹುಟ್ಟಿದಾಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು. ನಾಲ್ಕು ಜನ ಕೇಳಬೇಕು, ಕೇಳಿ ನಂಬಬೇಕು. ಅವನ ಆಸೆ ಅದಕ್ಕಿಂತ ದೊಡ್ಡದೇನೂ ಆಗಿರಲಿಲ್ಲ.

ಭಾನುವಾರ ಅಂಗಿಗೆ ಇಸ್ತ್ರಿ ಹಾಕಿ, ಮೀಸೆ ತೀಡಿ ಮೈದಾನಕ್ಕೆ ಹೋದ. ಬಾಗಿಲಲ್ಲಿ ಗಗನಾ ಎಂಬ ಹುಡುಗಿ, ಕಾರ್ಯಕರ್ತೆ, ಕೆನ್ನೆಗೆ ಏಳು ಬಣ್ಣ ಬಳಿದುಕೊಂಡು ಬಂದವರಿಗೆಲ್ಲ ಬ್ಯಾಡ್ಜು ಚುಚ್ಚುತ್ತಿದ್ದಳು. ಇವನನ್ನು ಮೇಲಿನಿಂದ ಕೆಳಗೆ ನೋಡಿದವಳ ಕಣ್ಣು ಮೀಸೆಯ ಹತ್ತಿರ ನಿಂತು ತುಂಬಿ ಬಂತು.

“ಸಾರ್, ಥ್ಯಾಂಕ್ಯೂ ಸಾರ್! ನಿಮ್ಮಂಥ ಗಂಡಸರು ಬರಬೇಕು ಸಾರ್. ಮನೇಲಿ ಯಾರಾದ್ರೂ ಇದಾರಾ? ತಮ್ಮನಾ, ತಂಗೀನಾ?”

“ಇಲ್ರೀ ಮೇಡಂ, ನಾನ...”

“ಅಯ್ಯೋ, ಯಾರೂ ಇಲ್ದೇನೂ ಬಂದಿದ್ದೀರಾ! ನಿಜವಾದ ಮನುಷ್ಯ ಅಂದ್ರೆ ನೀವು!” ಎಂದು ಅವನ ಎದೆಗೆ ‘ಬೆಂಬಲಿಗ’ ಎಂಬ ಬ್ಯಾಡ್ಜು ಚುಚ್ಚಿದಳು.

“ಹಂಗಲ್ರೀ, ನಾನೂ ನಿಮ್ಮಾಂವನ ಅದೀನ್ರೀ.”

“ಹೌದು ಸಾರ್, ಎಲ್ಲರೂ ನಮ್ಮವರೇ. ಸಾರ್, ಸ್ವಲ್ಪ ಆ ನೀರಿನ ಕ್ಯಾನ್ ಎತ್ತಿಕೊಡ್ತೀರಾ? ನಮ್ಮ ಕೈಲಿ ಆಗ್ತಾ ಇಲ್ಲ.”

ಎತ್ತಿಕೊಟ್ಟ. ಒಂದು ಎತ್ತಿದವನಿಗೆ ಇನ್ನೊಂದು ತೋರಿಸಿದರು. ಕ್ಯಾನು ಮುಗಿದ ಮೇಲೆ ಕುರ್ಚಿ ಬಂತು, ಕುರ್ಚಿ ಮುಗಿದ ಮೇಲೆ ಸ್ಪೀಕರು. ಶಾಮಿಯಾನದವನು ಅವನನ್ನು ತನ್ನ ಆಳೆಂದುಕೊಂಡು ಬೈದ. ಮೈಕಿನವನು “ಲೋ, ವೈರ್ ತುಳೀಬೇಡ” ಎಂದ. ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಬಂದು ತಾವು ಯಾರು ಎಂದು ಹೇಳಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ಕೆಳಗೆ ಶಿವಯೋಗಿ ಸ್ಪೀಕರಿನ ಕಾಲು ಅಲ್ಲಾಡದಂತೆ ಹಿಡಿದುಕೊಂಡಿದ್ದ. ಅವನ ಮಾತು ಬಿಟ್ಟು ಉಳಿದೆಲ್ಲರ ಮಾತೂ ಅವನ ಕಿವಿಯ ಪಕ್ಕದಲ್ಲೇ ಗುಡುಗಿತು.

ಕೊನೆಗೊಮ್ಮೆ ಸ್ಪೀಕರು ಬಿಟ್ಟು ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟ. ಗಗನಾ ಓಡಿಬಂದು ಕೈ ಹಿಡಿದಳು. “ಸಾರ್, ಬೇಜಾರು ಮಾಡ್ಕೋಬೇಡಿ. ವೇದಿಕೆ ನಮ್ಮವರಿಗೆ ಮಾತ್ರ. ಇಷ್ಟು ದಿನ ನಮ್ಮ ಪರವಾಗಿ ಬೇರೆಯವರೇ ಮಾತಾಡಿದ್ದು ಸಾಕು ಅಂತ ತೀರ್ಮಾನ ಮಾಡಿದೀವಿ.”

ನ್ಯಾಯವಾದ ತೀರ್ಮಾನ. ಶಿವಯೋಗಿ ಅದಕ್ಕೆ ಚಪ್ಪಾಳೆ ಕೂಡ ತಟ್ಟಿದ್ದ. ಈಗ ಅದು ತನ್ನನ್ನೇ ಹಿಡಿದು ಕೆಳಗಿಳಿಸಿತು. ಅಷ್ಟರಲ್ಲಿ ತಮಟೆ ಶುರುವಾಯಿತು, ಎಲ್ಲರೂ ಮೆರವಣಿಗೆಗೆ ಸೇರಿದರು. ಇವನು ನುಗ್ಗಲಾರದೆ ಹಿಂದೆ ಸರಿಯುತ್ತಾ ಸರಿಯುತ್ತಾ ಮೈದಾನದ ಕಾಂಪೌಂಡಿಗೆ ಆತುಕೊಂಡ. ಅಲ್ಲಿ ಪುಕ್ಕಟೆ ತಮಾಷೆ ನೋಡಲು ಬಂದ ಗಂಡಸರು ಸಾಲಾಗಿ ನಿಂತು, ಮೊಬೈಲು ಎತ್ತಿ, ಸಿಳ್ಳೆ ಹೊಡೆಯುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅವರ ಸಾಲಿನಲ್ಲಿ ಇವನೂ ಒಬ್ಬ.

ಹಿಂದಿನಿಂದ ಕಾಲರಿಗೆ ಕೈ ಬಿತ್ತು.

“ನಡೀರೋ ಬೋಳಿಮಕ್ಳಾ! ಹೆಂಗಸ್ರು ಮಕ್ಳು ಕುಣೀತಿದ್ರೆ ಜೊಲ್ಲು ಸುರಿಸ್ಕೊಂಡ್ ನಿಂತಿದೀರಾ?”

ಹೆಡ್ ಕಾನ್ಸ್‌ಟೇಬಲ್ ದೊಡ್ಡಹನುಮಯ್ಯ. ಬಂದೋಬಸ್ತಿಗೆ ಬಂದವರು. ದುರದೃಷ್ಟ ಎಂಬುದಕ್ಕೆ ವಿಳಾಸವಿದ್ದರೆ ಅದು ಸೇತುರಾಮರ ಎದುರುಮನೆ. ದೊಡ್ಡಹನುಮಯ್ಯನವರು ಅಲ್ಲಿಯೇ ವಾಸ. ಮುಖ ನೋಡಿದ್ದೇ ಅವರ ಕೈ ಸಡಿಲವಾಯಿತು, ದನಿ ಗಟ್ಟಿಯಾಯಿತು.

“ಏನಯ್ಯಾ ನೀನು! ಸಂಸಾರಸ್ಥ ಅಂತ ಸೇತುರಾಮ್ ಸಾರು ಮನೆ ಕೊಟ್ರೆ ಇಲ್ಲಿ ಬಂದು ಇಂಥೋರನ್ನ ನೋಡ್ಕೊಂಡು ನಿಂತಿದೀಯಾ? ಹೇಳು, ಇಲ್ಲಿ ನಿಂಗೇನು ಕೆಲಸ? ಸರಿಯಾಗಿ ಹೇಳಿದ್ರೆ ಬಿಡ್ತೀನಿ. ಇಲ್ದಿದ್ರೆ ಜೀಪು.”

ನೋಡಿ, ಅವನು ಬೇಡಿಕೊಂಡಿದ್ದ ಗಳಿಗೆ ಬಂತು. ನೀನು ಇಲ್ಲಿ ಯಾಕಿದ್ದೀಯ ಎಂದು ಒಬ್ಬರು ಕಿವಿಗೊಟ್ಟು ಕೇಳುತ್ತಿದ್ದಾರೆ. ಕನ್ನಡಿಯ ಮುಂದೆ ಉರು ಹೊಡೆದ ಮಾತು ನಾಲಿಗೆಯ ತುದಿಯಲ್ಲಿದೆ. ಹೇಳಿದರೆ ಜೀಪು ತಪ್ಪುತ್ತದೆ, ಮನೆ ಹೋಗುತ್ತದೆ. ಹೇಳದಿದ್ದರೆ ಜೀಪಿನ ಜೊತೆ ಮನೆಯೂ ಹೋಗುತ್ತದೆ. ಶಿವಯೋಗಿಯ ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು.

“ನನ್ನ ಹೇಂತಿ ಬಂದಾಳ್ರೀ ಸಾರ್. ಅಲ್ಲಿ ಅದಾಳ್ರೀ.”

ಕೈ ಎತ್ತ ಹೋಯಿತೋ ಅವನಿಗೇ ತಿಳಿಯಲಿಲ್ಲ. ಅದು ವೇದಿಕೆಯನ್ನು ತೋರಿಸುತ್ತಿತ್ತು. ವೇದಿಕೆಯ ಮೇಲೆ ಹಸಿರು ರೇಷ್ಮೆ ಸೀರೆ ಉಟ್ಟು, ಮೈಕು ಹಿಡಿದು, “ಪೊಲೀಸ್ ಸಿಬ್ಬಂದಿಗೂ ವಂದನೆಗಳು” ಎಂದು ರಾಗಿಣಿ ಮೆರವಣಿಗೆಯನ್ನು ಹೊರಡಿಸುತ್ತಿದ್ದಳು.

“ಆ ಮೇಡಮ್ಮಾ?” ದೊಡ್ಡಹನುಮಯ್ಯ ಬೆರಗಾದರು. “ಸಂಸ್ಥೆ ಮೇಡಂ ನಿನ್ ಹೆಂಡ್ತೀನಾ? ಆಗ್ಲೇ ನಂಗೆ ನೀರಿನ ಬಾಟ್ಲಿ ಕೊಟ್ರಲ್ಲಯ್ಯಾ! ಮೊದ್ಲೇ ಹೇಳಬಾರ್ದಾ?”

ವೇದಿಕೆ ಕೆಳಗಿದ್ದವರು ಕೇಸು, ಮೇಲಿದ್ದವರು ಮೇಡಂ. ಇಲಾಖೆಯ ಕಣ್ಣಿಗೆ ಮೈಕಿಗಿಂತ ದೊಡ್ಡ ಗುರುತು ಬೇರೊಂದಿಲ್ಲ. ಅವರು ಆಗಲೇ ಮೊಬೈಲು ತೆಗೆದು ಕಿವಿಗಿಟ್ಟಿದ್ದರು. “ಹಲೋ, ವತ್ಸಲಮ್ನೋರಾ? ನಿಮ್ ಮೇಲ್ಗಡೆ ಹುಡುಗನ ಹೆಂಡ್ತಿ ಬಂದವ್ರೆ. ಬೋ ಓದಿರೋರು, ಲಕ್ಷಣವಾಗವ್ರೆ. ಸಾಯಂಕಾಲ ಕರ್ಕೊಂಡ್ ಬರ್ತಾನಂತೆ.”

ಸಾಯಂಕಾಲ ಕರೆದುಕೊಂಡು ಬರುತ್ತೇನೆಂದು ಶಿವಯೋಗಿ ಹೇಳಿರಲಿಲ್ಲ. ಆದರೆ ಅವನು ಹೇಳಿದ್ದನ್ನು ಆವತ್ತು ಯಾರು ಕೇಳಿದ್ದರು, ಹೇಳದ್ದನ್ನು ಬೇಡವೆನ್ನಲು?

ಮೆರವಣಿಗೆ ಅವನನ್ನು ಬಿಟ್ಟು ಹೋಯಿತು, ಬಿಟ್ಟೇ ತಿರುಗಿ ಬಂತು. ಖಾಲಿ ಕ್ಯಾನುಗಳ ಮಧ್ಯೆ ಕೂತವನು ರಾಗಿಣಿಗೆ ಎಲ್ಲವನ್ನೂ ಹೇಳಿದ. ಅವಳು ಚಪ್ಪಲಿ ಕೈಗೆ ತಗೊಂಡಳು.

“ಥೂ ನಿನ್ನ! ಬೆಳಗ್ಗಿಂದ ಗಂಟಲು ಹರ್ಕೊಂಡು ನಾನು ಇಂಥೋಳು, ಹೆಮ್ಮೆಯಿಂದ ಇದೀನಿ ಅಂತ ಕಿರುಚಿದೀನಿ. ಸಾಯಂಕಾಲ ಹೋಗಿ ನಿನ್ನ ಸುಳ್ಳು ಹೆಂಡ್ತಿ ಆಗ್ಬೇಕಾ?”

“ಒಂದ ಸಲ ಬಾರವ್ವಾ. ಚಾ ಕುಡದು ಹೋಗೀಯಂತ. ಇಲ್ಲಾಂದ್ರ ಮನಿ ಹೋಗತೈತಿ.”

“ಹೋಗ್ಲಿ! ನಂಗೆ ಎಷ್ಟು ಮನೆ ಹೋಗಿಲ್ಲ?”

“ಮನಿ ಮಾಲಕರ ಹೇಂತಿ ಫೋನ್ ಮಾಡಿದ್ರು. ಆರತಿ ತಯಾರ ಮಾಡ್ಯಾರಂತ.”

ರಾಗಿಣಿಯ ಕೈಯ ಚಪ್ಪಲಿ ಕೆಳಗಿಳಿಯಿತು. ಎಷ್ಟೋ ಹೊಸ ಅಂಗಡಿಗಳ, ಎಷ್ಟೋ ಗೃಹಪ್ರವೇಶಗಳ ಹೊಸ್ತಿಲ ಮುಂದೆ ನಿಂತು ಅವಳು ದೃಷ್ಟಿ ತೆಗೆದಿದ್ದಳು, ಹರಸಿದ್ದಳು. ನೋಟು ಕೈಗಿಟ್ಟು, ಕೈ ಮುಗಿದು, ಅಲ್ಲಿಂದಲೇ ಕಳಿಸಿದ್ದರು. ಒಳಗೆ ಬಾರಮ್ಮ ಎಂದು ಆರತಿ ಹಿಡಿದವರು ಒಬ್ಬರೂ ಇಲ್ಲ.

“ಯಾರಿಗೆ ಆರತಿ? ನಂಗಾ?” ಎಂದಳು. ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಸೀರೆ ಸರಿಯಾಗಿದ್ಯೇನೋ?” ಎಂದಳು.

ಬೈಕು ಬೀದಿಗೆ ತಿರುಗಿತು. ಬೀದಿಗೆ ಬೀದಿಯೇ ಗೇಟಿಗೆ ಬಂದಿತ್ತು. ಮೇಲಿನ ಮನೆಯವರೆಗೆ ಮೆಟ್ಟಿಲಿನುದ್ದಕ್ಕೂ ರಂಗೋಲಿ. ಬಾಗಿಲಿಗೆ ಮಾವಿನೆಲೆ. ಹೊಸ್ತಿಲ ಮೇಲೆ ಸೇರಿನಲ್ಲಿ ಅಕ್ಕಿ ತುಂಬಿಡುವುದು ಪದ್ಧತಿ, ಹೊಸ ಸೊಸೆ ಬಲಗಾಲಲ್ಲಿ ಅದನ್ನು ಒಳಕ್ಕೆ ಉರುಳಿಸಿ ಮನೆ ತುಂಬಬೇಕು. ಆದರೆ ಸೇರು ಬಡಾವಣೆಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲವಾಗಿ ವತ್ಸಲಾ ಕುಕ್ಕರಿನ ಡಬ್ಬಿಯಲ್ಲೇ ಅಕ್ಕಿ ತುಂಬಿ, ಬೆಲ್ಲದಚ್ಚು ಇಟ್ಟಿದ್ದರು. ಸಂಘದ ಪರವಾಗಿ ಸೇತುರಾಮ ಹಾರ ತಂದಿದ್ದರು. ದೊಡ್ಡಹನುಮಯ್ಯ ಯೂನಿಫಾರಂ ಕಳಚಿ, ಪಂಚೆ ಉಟ್ಟು, ಹೆಣ್ಣಿನ ಕಡೆಯವರ ಗತ್ತಿನಲ್ಲಿ ಮೆಟ್ಟಿಲ ಮೇಲೆ ನಿಂತಿದ್ದರು.

“ಬಾರಮ್ಮಾ ಬಾ! ಎಷ್ಟು ಕಾಯಿಸಿದೆ ನೀನು!” ವತ್ಸಲಾ ರಾಗಿಣಿಯ ಗಲ್ಲ ಮುಟ್ಟಿ ನೆಟಿಗೆ ಮುರಿದರು. “ಎಷ್ಟು ಎತ್ತರ ಇದೀಯೇ ತಾಯಿ! ನಮ್ಮ ಹುಡುಗ ನಿನ್ನ ಭುಜಕ್ಕೆ ಬರ್ತಾನೆ ನೋಡು.”

ಎಲ್ಲರೂ ನಕ್ಕರು. ರಾಗಿಣಿಯೂ ನಕ್ಕಳು. ಹೊಸ್ತಿಲಿಗೆ ಬಂದು ಬಲಗಾಲೆತ್ತುವಷ್ಟರಲ್ಲಿ ಅಕ್ಕವ್ವ ಅಡ್ಡ ನಿಂತಳು.

“ತಡೀರಿ! ನಮ್ಮ ಕಡೆ ಗಂಡನ ಹೆಸರು ಒಡಪಿನಾಗ ಹೇಳ್ದ ಒಳಗ ಬಿಡಂಗಿಲ್ರೀ. ಹೇಳವಾ ತಂಗಿ, ಚಂದಾಗಿ ಒಡಪು ಕಟ್ಟಿ ಹೇಳು.”

ರಾಗಿಣಿ ಹುಟ್ಟಿ ಬೆಳೆದದ್ದು ಮದ್ದೂರಿನಲ್ಲಿ, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪು ಅವಳಿಗೆ ರೂಢಿಯಿಲ್ಲ. ನೆಲ ನೋಡುತ್ತಾ ಪದ ಹುಡುಕತೊಡಗಿದಳು. ಆ ಬಿಡುವಿನಲ್ಲಿ ಸೇತುರಾಮ ಹಾರ ಹಿಡಿದೇ ದೊಡ್ಡಹನುಮಯ್ಯನವರನ್ನು ಮಾತಿಗೆಳೆದರು.

“ಇವತ್ತು ನಿಮ್ಗೆ ಬಾಳ ತೊಂದ್ರೆ ಆಯ್ತೇನೋ ಹನುಮಯ್ನೋರೆ, ಆ ಜನದ ಹಬ್ಬ ಅಂತೆ?”

“ಅಯ್ಯೋ ಏನೇಳ್ಲಿ ಸಾರ್! ಇವತ್ತು ಮೇಲಿಂದ ಆರ್ಡರು, ಕೈ ಕಟ್ಕೊಂಡು ನಿಂತಿದ್ದೆ. ಇಲ್ದಿದ್ರೆ ನನ್ ಹತ್ರ ಆಟ ನಡೀತದಾ? ನಾಯಂಡಹಳ್ಳಿ ಸಿಗ್ನಲಲ್ಲಿ ನಾನು ಡ್ಯೂಟಿಲಿದ್ದಾಗ ಒಂದೊಂದಕ್ಕೂ ಮೊಣಕಾಲ್ ಚಿಪ್ಪಿಗೇ ಬಿಡ್ತಿದ್ದೆ. ಮೇಡಂ, ನೀವು ಸಮಾಜಸೇವೆ ಮಾಡೋರು, ಬೇಜಾರ್ ಮಾಡ್ಕೋಬೇಡಿ. ಅವುಕ್ಕೆ ಅದೊಂದೇ ಭಾಷೆ ಅರ್ಥ ಆಗೋದು.”

“ನಮ್ಮ ಲೇಔಟಲ್ಲಂತೂ ಮನೆ ಕೊಡಲ್ಲ ಅಂತ ಸಂಘದಲ್ಲಿ ತೀರ್ಮಾನ ಮಾಡಿಬಿಟ್ಟಿದೀವಿ” ಎಂದರು ಸೇತುರಾಮ, ಹಾರ ಬಿಡಿಸುತ್ತಾ. “ಸಂಸಾರವಂದಿಗರ ಏರಿಯಾ ನೋಡಿ.”

ರಾಗಿಣಿಯ ಒಂದು ಕೈ ಸೀರೆಯ ಮೇಲಿಂದಲೇ ಮೊಣಕಾಲನ್ನು ಮುಟ್ಟಿಕೊಂಡಿತು. ಅದು ಶಿವಯೋಗಿಯೊಬ್ಬನಿಗೆ ಕಾಣಿಸಿತು. ಅವಳು ತಲೆ ಎತ್ತಿದಳು. “ಒಡಪು ಹೇಳ್ತೀನಿ, ಕೇಳಿ” ಎಂದಳು.

“ಸಿಗ್ನಲ್ಲಲ್ಲಿ ನಿಂತ್ರೆ ನಂಗೆ ಮೊಣಕಾಲ್ಗೆ ಲಾಠಿ,
ಅಂಗಡಿ ಪೂಜೆಗೆ ಕರೆದ್ರೆ ನಂಗೆ ಹೊಸ್ತಿಲೇ ಗಡಿ,
ಇವತ್ತು ಅದೇ ಕಾಲ್ಗೆ ಅಕ್ಕಿ, ಇದೇ ಮುಖಕ್ಕೆ ಆರತಿ,
ಶಿವಯೋಗಿ ಹೆಸರು ಹೇಳಿದ್ದೀನಿ, ಒಳಗೆ ಬರ್ಲಾ ಹೇಳಿಬಿಡಿ.”

ಅಕ್ಕವ್ವ ಅಭ್ಯಾಸಬಲದಿಂದ “ಭಪ್ಪರೆ!” ಎಂದುಬಿಟ್ಟಳು. ಆರತಿ ತಟ್ಟೆ ವಾಲಿ ಕೆಂಪು ನೀರು ವತ್ಸಲಾರ ಕೈಮೇಲೆ ಚೆಲ್ಲಿತು. ದೊಡ್ಡಹನುಮಯ್ಯ ಹಸಿರು ಸೀರೆಯವಳನ್ನು ಮತ್ತೊಮ್ಮೆ ನೋಡಿದರು. ಈ ಸಲ ಮೈಕು ಇರಲಿಲ್ಲವಾಗಿ ಗುರುತು ಸಿಕ್ಕಿತು. “ಅಯ್ಯಯ್ಯೋ! ಇದು ಅದೇ!” ಎಂದರು. ಅರ್ಧ ಗಳಿಗೆಯ ಹಿಂದೆ ಮೇಡಂ ಆಗಿದ್ದವಳು ಕಣ್ಣೆದುರೇ ‘ಇದು’ ಆದಳು.

ವತ್ಸಲಾ ಕೆಟ್ಟವರಲ್ಲ. ಬೈಯಲಿಲ್ಲ, ತಳ್ಳಲಿಲ್ಲ. ಅವಸರದಲ್ಲಿ ಸೊಂಟದ ಪರ್ಸಿನಿಂದ ಒಂದು ನೋಟು ತೆಗೆದು, ಅದೇ ಆರತಿ ತಟ್ಟೆಯಲ್ಲಿಟ್ಟು, ಕೈ ಮುಗಿದರು. “ತಪ್ಪು ತಿಳ್ಕೋಬೇಡಮ್ಮ. ಶಾಪ ಹಾಕ್ಬೇಡ. ಇಲ್ಲಿಂದ್ಲೇ ಹರಸಿ ಹೋಗ್ಬಿಡು ತಾಯಿ.”

ರಾಗಿಣಿ ನೋಟನ್ನೂ ನೋಡಿದಳು, ಮುಗಿದ ಕೈಯನ್ನೂ ನೋಡಿದಳು. ಎರಡೂ ಅವಳಿಗೆ ಹಳೆಯ ಪರಿಚಯ. ಡಬ್ಬಿಗೆ ಕಾಲು ತಾಕದಂತೆ ಸೀರೆಯ ನಿರಿಗೆ ಒತ್ತಿ ಹಿಡಿದು ತಿರುಗಿದಳು. “ಬಾರೋ ಯೋಗಿ” ಎಂದು ಮೆಟ್ಟಿಲಿಳಿದಳು.

ಶಿವಯೋಗಿ ಹೆಜ್ಜೆ ಎತ್ತಿದ. ದೊಡ್ಡಹನುಮಯ್ಯ ಒಂದು ತೋಳು ಹಿಡಿದರು, ಸೇತುರಾಮ ಇನ್ನೊಂದನ್ನು. ಅವರ ಹಿಡಿತದಲ್ಲಿ ಸಿಟ್ಟಿರಲಿಲ್ಲ, ಕರುಣೆಯಿತ್ತು. ಸಿಟ್ಟಾಗಿದ್ದರೆ ಬಿಡಿಸಿಕೊಂಡುಬಿಡುತ್ತಿದ್ದ.

“ಹೋಗ್ಬೇಡಪ್ಪಾ. ನಿಂದೇನೂ ತಪ್ಪಿಲ್ಲ. ಹಳ್ಳಿ ಹುಡುಗ, ಮೋಸ ಹೋಗಿದೀಯ” ಎಂದರು ಸೇತುರಾಮ. “ಮನೆ ನಿಂದೇ. ಯಾರೂ ಖಾಲಿ ಮಾಡು ಅನ್ನಲ್ಲ. ಒಳ್ಳೆ ಕಡೆ ಹೆಣ್ಣು ನೋಡಿ ನಾವೇ ನಿಂತು ಮದುವೆ ಮಾಡಿಸ್ತೀವಿ.”

“ಮೋಸ ಅಲ್ರೀ ಸಾರ್, ಆಕಿ ನನ್ನ ಗೆಳತಿ ಅದಾಳ್ರೀ! ನಾನೂ...” ಕೆಳಗೆ ಗೇಟು ತೆಗೆದ ಸದ್ದಾಯಿತು. ಅಷ್ಟರಲ್ಲಿ ಕನ್ನಡಿಯ ಮುಂದಿನ ಮಾತು ತಾನಾಗಿ ಹೊರಬಿತ್ತು. “ನಾನು ಶಿವಯೋಗಿ. ನಾನು ಟ್ರಾನ್ಸ್ ಗಂಡಸು!”

ಬೀದಿಗೆ ಬೀದಿಯೇ ಕೇಳಿತು. ದೊಡ್ಡಹನುಮಯ್ಯ ಅವನ ಬೆನ್ನು ಸವರಿದರು. “ಮೀಸೆ ನೋಡ್ಕೊಳಯ್ಯಾ ನಿಂದು. ನಂಗೇ ಇಷ್ಟು ಚೆಂದ ಬಂದಿಲ್ಲ.”

“ಖರೇ ಹೇಳಾಕತ್ತೀನ್ರೀ! ಹುಟ್ಟಿದಾಗ ನನ್ನ ಹೆಣ್ಣಂದಿದ್ರು. ಎದಿ ಮ್ಯಾಲ ಆಪರೇಶನ್ ಗಾಯ ಐತಿ, ನೋಡ್ರಿ ಬೇಕಾದ್ರ!” ಅಂಗಿಯ ಗುಂಡಿಗೆ ಕೈ ಹಾಕಿದವನನ್ನು ವತ್ಸಲಾ “ಅಯ್ಯೋ, ಹೆಂಗಸರ ಮುಂದೆ ಏನೋ ಇದು!” ಎಂದು ಕಣ್ಣು ಮುಚ್ಚಿಕೊಂಡು ತಡೆದರು. ಬೆಂಬಲಿಗನ ಬ್ಯಾಡ್ಜು ಕಿತ್ತು ಮೆಟ್ಟಿಲ ಮೇಲೆ ಬಿತ್ತು.

ರೋಗವನ್ನು ಕಂಡುಹಿಡಿದವಳು ಅಕ್ಕವ್ವ. “ಯವ್ವಾ, ತಿಳಿವಲ್ದೇನ್ರೀ? ಊಟದಾಗ ಮದ್ದು ಹಾಕ್ಯಾಳ! ತಾ ಹೆಂಗ ಅದಾಳೋ ಹಂಗ ತಾನೂ ಅದೀನಿ ಅಂತ ಹುಡುಗನ ಬಾಯಾಗ ಆಡಸಾಕತ್ತಾಳ!”

ಎಲ್ಲರಿಗೂ ಒಮ್ಮೆಗೇ ಬೆಳಕಾಯಿತು. ಇದ್ದದ್ದು ಇದ್ದಹಾಗೆ ಹೇಳುವವನಿಗಿಂತ ಮದ್ದು ತಿಂದವನನ್ನು ನಂಬುವುದು ಎಷ್ಟೋ ಸುಲಭ. ಸೇತುರಾಮ “ಅದಕ್ಕೇ ಅಂದೆ” ಎಂದರು, ಏನೂ ಅಂದಿರದಿದ್ದರೂ. ಅವನನ್ನು ಒಳಗೆ ಕೂರಿಸಿದರು. ಅವಳು ವಾಪಸು ಬಂದು ಕರೆದೊಯ್ದುಬಿಟ್ಟಾಳೆಂದು ದೊಡ್ಡಹನುಮಯ್ಯ ಗ್ರಿಲ್ ಬಾಗಿಲು ಎಳೆದು ಹೊರಗಿನಿಂದ ಬೀಗ ಹಾಕಿದರು, ಬೀಗದ ಕೈಯನ್ನು ಪಂಚೆಯ ಗಂಟಿಗೆ ಸಿಕ್ಕಿಸಿಕೊಂಡರು. ಅಕ್ಕವ್ವ ಬೇವಿನ ಸೊಪ್ಪು ಅರೆದು, ಹುಳಿ ಮಜ್ಜಿಗೆಗೆ ಹಿಡಿ ಉಪ್ಪು ಸುರಿದು, ಮದ್ದು ಇಳಿಸಲು ತಂದಳು.

ಶಿವಯೋಗಿ ಗ್ರಿಲ್ಲಿಗೆ ಮುಖ ಒತ್ತಿದ. ಬೀದಿಯ ತುದಿಯಲ್ಲಿ ಹಸಿರು ಸೀರೆ ಇನ್ನೂ ಕಾಣುತ್ತಿತ್ತು. ಒಮ್ಮೆ ನಿಂತು ತಿರುಗಿ ನೋಡಿತು. ಬಂದಾನೆಂದು ಕಾದಿತು. ಬರಲಿಲ್ಲವೆಂದು ತಿಳಿದು ನಡೆದುಹೋಯಿತು.

ಅವನು ಕೂಗಿದ. ಊರಲ್ಲಿ ಕೂಗದಷ್ಟು, ಮೈದಾನದಲ್ಲಿ ಮೈಕು ಸಿಕ್ಕಿದ್ದರೂ ಕೂಗಲಾರದಷ್ಟು ಜೋರಾಗಿ ಕೂಗಿದ. “ನಾನೂ ಅದೇ ಅದೀನ್ರೀ! ನಾನೂ ಟ್ರಾನ್ಸ್ ಅದೀನ್ರೀ! ಯಾರರ ಕೇಳ್ರಿ!”

ಅಕ್ಕವ್ವ ಕಿವಿಗೊಟ್ಟು ಕೇಳಿದಳು. ಸಮಾಧಾನದಿಂದ ತಲೆಯಾಡಿಸಿದಳು.

“ಇಳಿಯಾಕತ್ತೈತ್ರೀ ವತ್ಸಲಕ್ಕಾ. ಹೊಟ್ಯಾಗಿಂದು ಬಾಯಿಗೆ ಬರಾಕತ್ತೈತಿ. ಇನ್ನೊಂದು ಲೋಟ ಕೊಡ್ರಿ.”

ಗ್ರಿಲ್ಲಿನ ಸಂದಿಯಿಂದ ಇನ್ನೊಂದು ಲೋಟ ಒಳಗೆ ಬಂತು.